ಹಾಲು ಹರಿಯುವ ಹೊತ್ತು, ಓದುವ ಹೊತ್ತು

ಅಕ್ಷರದ ವಿಷಯದಲ್ಲಿ ದಕ್ಷಿಣ ಕನ್ನಡವು ನಾಡಿನ ಮುಂಚೂಣಿಯ ಜಿಲ್ಲೆಗಳಲ್ಲೊಂದೆಂಬುದು ಸರ್ವವಿದಿತ. 15ರಿಂದ 35 ವರ್ಷದೊಳಗಿನ ನಿರಕ್ಷರರನ್ನು ಉದ್ದೇಶಿಸಿ 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾದ ಬಳಿಕ, ಸಂಪೂರ್ಣ ಸಾಕ್ಷರತೆಯ ಆಂದೋಲನವನ್ನು ಕರ್ನಾಟಕದಲ್ಲಿ ಮೊದಲು ಕೈಗೊಂಡ ಜಿಲ್ಲೆಗಳ ಸಾಲಿನಲ್ಲಿ ಇದೂ ಇತ್ತು. 2011ರ ಜನಗಣತಿಯ ಹೊತ್ತಿಗೆ ಇಲ್ಲಿಯ ಸಾಕ್ಷರರು ನೂರಕ್ಕೆ 88ನ್ನು ಮೀರಿದ್ದರು. ಜಿಲ್ಲೆಗೆ ದೊರೆತ ಈ ಕೀರ್ತಿಯ ನೆರಳಿನಲ್ಲಿಯೇ, ಪುತ್ತೂರು, ಸುಳ್ಯ ಮತ್ತು ಇವೆರಡರ ಗ್ರಾಮಗಳನ್ನು ಕೂಡಿಸಿ ಇತ್ತೀಚೆಗೆ ರಚಿತವಾದ ಕಡಬ ತಾಲೂಕುಗಳ ರಬ್ಬರು ತೋಟಗಳ ಕಾಲನಿಗಳಲ್ಲಿ, ಶಾಲೆಯನ್ನು ನಡುವೆಯೇ ಬಿಟ್ಟ ತರುಣ ತರುಣಿಯರು ಬೆಳೆಯುತ್ತಿದ್ದಾರೆ.

ಈ ಕಾಲನಿಗಳ ಜನರು ಇಲ್ಲಿಗೆ ಬಂದ ಬಗೆಯನ್ನು ಅರಿಯದೆ ಅವರ ಮಕ್ಕಳ ಪಾಡು ಅರ್ಥವಾಗದು. ಸಿಂಹಳದ ಚಹಾ ಮತ್ತು ರಬ್ಬರು ತೋಟಗಳಲ್ಲಿ ದುಡಿಯಲೆಂದು ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಹೋದವರ ಸಂತತಿಯವರು, 1948ರ ಪೌರತ್ವ ಕಾನೂನಿನಿಂದ ಯಾವ ದೇಶಕ್ಕೂ ಸೇರದವರಾದರು; 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆಯವರು ಮಾಡಿಕೊಂಡ ಒಡಂಬಡಿಕೆಯಂತೆ ಅವರಲ್ಲಿ 5,25,000 ಮಂದಿ ಭಾರತಕ್ಕೆ ಮರಳಬೇಕೆಂದು ನಿರ್ಣಯವಾಯಿತು. ಹಾಗೆ ಬಂದವರಲ್ಲಿ ಕೆಲವರಿಗೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಲ್ಲಿ ಕೆಲಸವೂ ವಸತಿಯೂ ದೊರೆತವು. ಮನೆಯಲ್ಲಿ ತಮಿಳು, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮೂರು ಭಾಷೆಗಳನ್ನು ಲೀಲಾಜಾಲವಾಗಿ ಆಡಬಲ್ಲ ತರುಣನೊಬ್ಬನು ಬ್ಯಾಂಕಿನ ಅರ್ಜಿಯ ಮುಂದೆ ಪೆನ್ನು ಹಿಡಿದು ಸುಮ್ಮನೆ ನಿಲ್ಲುವುದುಂಟು. ಅದನ್ನು ದಡ್ಡತನವೆಂದು ಬಗೆಯುವುದು ಅನ್ಯಾಯ.

ರಬ್ಬರು ತೋಟದ ದಿನಚರಿಯನ್ನು ನೋಡಿದರೆ ಈ ಯುವಜನರು ತರಗತಿಗೆ ಏಕೆ ಒಗ್ಗಲಿಲ್ಲವೆಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಮರದ ಒಳಗಿನ ಒತ್ತಡವು ಬೆಳಗಿನ ತಂಪಿನಲ್ಲಿಯೇ ಹೆಚ್ಚು. ಬಿಸಿಲೇರಿದಂತೆ ಹಾಲು ಕಡಿಮೆಯಾಗುತ್ತದೆ. ಆದಕಾರಣ ನಸುಕು ಹರಿಯುವ ಮೊದಲೇ ತಲೆಗೆ ದೀಪ ಕಟ್ಟಿಕೊಂಡು ಹೊರಟು, ತೊಗಟೆಯ ಮೇಲೆ ಓರೆಯಾಗಿ ತೆಳ್ಳನೆಯ ಸಿಪ್ಪೆಯೊಂದನ್ನು ಕತ್ತಿಯಿಂದ ಕೆತ್ತಿ, ಒಸರುವ ಹಾಲನ್ನು ಗೆರಟೆಗೆ ಇಳಿಯಬಿಟ್ಟು, ನೂರಾರು ಮರಗಳನ್ನು ಸುತ್ತಿದ ಮೇಲೆ, ಮತ್ತೆ ಬಂದು ಆ ಹಾಲನ್ನೆಲ್ಲ ಕೂಡಿಹಾಕಿ ಹೊರಬೇಕು. ಕತ್ತಿ ಕಿಂಚಿತ್ ಆಳಕ್ಕಿಳಿದರೂ ಮರಕ್ಕೆ ಗಾಯವಾಗಿ ಮುಂದಿನ ವರ್ಷಗಳ ಹಾಲಿಗೇ ಕುಂದು. ತಂದೆತಾಯಿಗಳ ಜೊತೆಗೆ ಗೆರಟೆ ಎತ್ತಲು ಹೋದ ಮಗುವು ಶಾಲೆಯ ಘಂಟೆಗೆ ತಡವಾಗಿ ತಲಪುತ್ತದೆ. ಆ ತಡವೇ ಕೊನೆಗೆ ಶಾಲೆಯಿಂದ ಅದನ್ನು ದೂರ ಮಾಡುತ್ತದೆ.

ಹಾಗಾದರೆ ಪಾಠವನ್ನು ಯಾವ ಹೊತ್ತಿಗೆ ಇಡಬೇಕು? ಮಧ್ಯಾಹ್ನದ ಬಳಿಕ, ಮತ್ತು ವಿಶೇಷವಾಗಿ ಮಳೆಗಾಲದಲ್ಲಿ. ತುಳುವರ ಪಂಚಾಂಗದ ಆಟಿ ತಿಂಗಳಲ್ಲಿ ಮಳೆ ಬಿಡದೆ ಹೊಡೆಯುವಾಗ ಹಾಲು ತೆಗೆಯುವ ಕೆಲಸ ನಿಂತು ಕೂಲಿಯೂ ಕುಗ್ಗುತ್ತದೆ; ಆಗಲೇ ಕೈ ಖಾಲಿ, ಮನಸ್ಸೂ ಖಾಲಿ. 2022ರಿಂದ 2027ರವರೆಗಿನ, ವಯಸ್ಕರ ಶಿಕ್ಷಣದ ಉಲ್ಲಾಸ್ ಯೋಜನೆಯು 15 ವರ್ಷ ದಾಟಿದ ಎಲ್ಲ ನಿರಕ್ಷರರನ್ನೂ ಒಳಗೊಂಡು, ಅಕ್ಷರ ಮತ್ತು ಲೆಕ್ಕದೊಡನೆ ಜೀವನಕೌಶಲ, ವೃತ್ತಿಕೌಶಲಗಳನ್ನೂ ಸೇರಿಸಿಕೊಂಡಿದೆ; ಕಲಿಸುವವರು ಸ್ವಯಂಸೇವಕರು. ಕಾಲನಿಯಲ್ಲಿಯೇ ಹತ್ತನೆಯ ತರಗತಿ ದಾಟಿದ ಹುಡುಗಿಯೊಬ್ಬಳು, ತಮಿಳಿನಲ್ಲಿ ಮಾತಾಡುತ್ತ ಕನ್ನಡ ಬರೆಯಿಸಿದರೆ, ದೂರದಿಂದ ಬಂದ ಗುರುಗಳಿಗಿಂತ ಅವಳ ಪಾಠ ಹೆಚ್ಚು ಹಿಡಿಸೀತೆಂದು ನನ್ನ ದೃಢ ನಂಬಿಕೆ.

ಆದರೆ ಅಕ್ಷರವೊಂದನ್ನೇ ಮುಂದಿಟ್ಟು ಕರೆದರೆ ಇಪ್ಪತ್ತು ವರ್ಷದವನು ಬರಲಾರ. ಉಪಜೀವನದ ಭರವಸೆ ಜೊತೆಗಿರಬೇಕು. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುತುವರ್ಜಿಯಿಂದ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಲ್ಲಿ 1982ರಲ್ಲಿ ಉಜಿರೆಯಲ್ಲಿ ತೊಡಗಿದ ರುಡ್‌ಸೆಟ್ ಸಂಸ್ಥೆಯು ಊಟ, ವಸತಿಗಳೊಡನೆ ಉಚಿತವಾಗಿ ಸ್ವಉದ್ಯೋಗದ ತರಬೇತಿ ನೀಡಿ, ಮುಂದೆಯೂ ಕೆಲಕಾಲ ಶಿಷ್ಯರ ಬೆನ್ನಿಗೆ ನಿಲ್ಲುತ್ತ ಬಂದಿದೆ. ಅದೇ ಮಾದರಿಯನ್ನು ಕೇಂದ್ರ ಸರ್ಕಾರವು ದೇಶದ ಜಿಲ್ಲೆ ಜಿಲ್ಲೆಗೂ ಒಯ್ದಿತು. ಅದರ ಗುಣ ಬಹಳ. ಆದರೆ ದಿನಗೂಲಿಯವನಿಗೆ ವಾರಗಟ್ಟಲೆ ಮನೆ ಬಿಡುವುದೆಂದರೆ ಅಷ್ಟು ದಿನಗಳ ಅಕ್ಕಿಯ ಪ್ರಶ್ನೆ. ಆ ಅವಧಿಯ ಕೂಲಿಯನ್ನು ಭರಿಸುವ ಏರ್ಪಾಡಿಲ್ಲದಿದ್ದರೆ ಅತ್ಯಂತ ಬಡವನೇ ಹೊರಗುಳಿಯುತ್ತಾನೆ.

ಇತ್ತ ಮನೆಯ ಹತ್ತಿರದಲ್ಲಿಯೇ ಅಡಿಕೆ ತೋಟದವರಿಗೆ ಮರ ಹತ್ತಬಲ್ಲ, ಮಳೆಗಾಲದಲ್ಲಿ ಮದ್ದು ಬಿಡಬಲ್ಲ ಕೈಗಳ ತೀವ್ರ ಅಭಾವ. ಅದನ್ನು ನೀಗಲು ಬೆಳೆಗಾರರ ಸಹಕಾರಿಯಾದ ಕ್ಯಾಂಪ್ಕೋ ಸಂಸ್ಥೆಯು ವಿಟ್ಲದಲ್ಲಿ ಮರ ಏರುವ ತರಬೇತಿಯನ್ನು ನಡೆಸಿದೆ. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣವನ್ನೇ ಒಂದು ಪಾಠವಾಗಿ ಎಣಿಸಿ ನೋಡಿ: 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ; ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕೇ ಹೊರತು ಸುಣ್ಣವನ್ನು ಅದಕ್ಕಲ್ಲ; ಕೊನೆಗೆ ಕಬ್ಬಿಣದ ಚೂರಿಯನ್ನು ಅದ್ದಿ ತೆಗೆದಾಗ ಕೆಂಪು ಕಲೆ ಹಿಡಿದರೆ ಸುಣ್ಣ ಸಾಲದೆಂದರ್ಥ. ಈ ನಾಲ್ಕು ಸಾಲುಗಳನ್ನು ಓದಿ, 30 ಲೀಟರಿಗೆ ಎಷ್ಟೆಂದು ಭಾಗಿಸಿ, ಮಾಡಿದ ಕೆಲಸದ ಲೆಕ್ಕವನ್ನು ನೋಟುಪುಸ್ತಕದಲ್ಲಿ ಬರೆದಿಟ್ಟ ತರುಣನಿಗೆ ಕೂಲಿ ಕೇಳುವಾಗ ಧ್ವನಿ ನಡುಗದು. ರಬ್ಬರಿನ ಹಾಲಿನಲ್ಲಿಯೂ ಇಂಥದೇ ಗಣಿತವುಂಟು: 100 ಕಿಲೋ ಹಾಲಿನಲ್ಲಿ ಒಣ ರಬ್ಬರು ಸುಮಾರು ಮೂರನೆಯ ಒಂದು ಪಾಲು ಮಾತ್ರ; ಹಾಲಿನ ತೂಕವನ್ನು ಒಣ ರಬ್ಬರಿಗೆ ಪರಿವರ್ತಿಸಿ ಬರೆದ ಚೀಟಿಯನ್ನು ತಾನೇ ಓದಿ ತಾಳೆ ನೋಡಬಲ್ಲವನನ್ನು ಕಾಲನಿಯ ಪ್ರತಿ ಮನೆಯಲ್ಲಿಯೂ ಒಬ್ಬನನ್ನಾದರೂ ಬರುವ ಆಟಿಯೊಳಗೆ ಸಿದ್ಧಗೊಳಿಸುವುದು ತಾಲೂಕು ಪಂಚಾಯತಿಗೂ ಅರಣ್ಯ ಅಭಿವೃದ್ಧಿ ನಿಗಮಕ್ಕೂ ಅಸಾಧ್ಯವಾದ ಕಾರ್ಯವಲ್ಲ.