ಹತ್ತಿಗೆ ಗೇಟ್ ಬಂದ್, ಅಕ್ಕಿಗೆ ಗೇಟ್ ಓಪನ್: ನಮಗೆ ಬೇಕಾದ್ದು ಯಾವುದು?

ನಮ್ಮಪ್ಪಂದು ದೇವದುರ್ಗ ಕಡೆ ಹತ್ತಿ ಹೊಲ. ಸೋದರಮಾವಂದು ಮಾನ್ವಿ ಕಾಲುವೆ ಕೆಳಗೆ ಭತ್ತದ ಗದ್ದೆ. 2025ರ ದೀಪಾವಳಿಗೆ ಇಬ್ಬರೂ ಕಟ್ಟೆ ಮೇಲೆ ಕೂತು ವಾದಕ್ಕಿಳಿದರು.

"ಹೊರದೇಶದ ಹತ್ತಿ ಬಿಟ್ಟು ನಮ್ಮನ್ನ ಮುಳುಗಿಸ್ಯಾರ. ಗೇಟ್ ಬಂದ್ ಮಾಡ್ಬೇಕು" ಅಂದ ಅಪ್ಪ.

"ಎಲ್ಲಾ ಬಂದ್ ಮಾಡಿದ್ರ ನನ್ನ ಅಕ್ಕಿ ಹೊರಗ ಹೆಂಗ ಹೋಗ್ಬೇಕ್ರೀ?" ಅಂದ ಮಾವ.

ಇಬ್ಬರ ಮಾತೂ ಸುಳ್ಳಲ್ಲ. ಮುಕ್ತ ವ್ಯಾಪಾರ ಬೇಕೋ ಬೇಡವೋ ಅಂತ ಕೇಳಿದರೆ, ನಮ್ಮಲ್ಲಿ ಉತ್ತರ ಹೊಲದಲ್ಲಿರೋ ಬೆಳೆ ಮೇಲೆ ನಿಂತಿರುತ್ತೆ. ಕಾಲದ ಜೊತೆ ಬದಲಾಗುತ್ತೆ ಕೂಡ. 1998ರ ನವೆಂಬರ್ 28ರಂದು ನಮ್ಮ ಜಿಲ್ಲೆಯ ಮಲದಕಲ್‌ನಲ್ಲಿ ರೈತ ಸಂಘದವರು ಬಿಟಿ ಹತ್ತಿಯ ಪ್ರಯೋಗ ಬೆಳೆ ಕಿತ್ತು ಸುಟ್ಟಿದ್ದರು. 2002ರಲ್ಲಿ ಅದಕ್ಕೆ ಕೇಂದ್ರದ ಅನುಮತಿ ಸಿಕ್ಕಿತು. ಈಗ ಬೀಜದಂಗಡಿಗೆ ಹೋದರೆ ಸಿಗೋದೇ ಬಿಟಿ.

ಈಗ ಎರಡು ತಾರೀಖು ನೋಡೋಣ.

ಆಮದು ಹತ್ತಿಗೆ 2021ರಿಂದ ಶೇ 11ರಷ್ಟು ಸುಂಕ ಇತ್ತು. 2025ರಲ್ಲಿ ಅಮೆರಿಕ ನಮ್ಮ ಸರಕಿಗೆ ಶೇ 50ರವರೆಗೆ ಸುಂಕ ಏರಿಸಿದಾಗ ಜವಳಿ ಉದ್ಯಮ ಒದ್ದಾಡಿತು. ಗಿರಣಿಗಳಿಗೆ ಅಗ್ಗದ ಹತ್ತಿ ಸಿಗಲಿ ಅಂತ ಕೇಂದ್ರ ಆಗಸ್ಟ್ 19ರಿಂದ ಈ ಸುಂಕ ತೆಗೆಯಿತು. ಮೊದಲು ಸೆಪ್ಟೆಂಬರ್ 30ರವರೆಗೆ, ಆಮೇಲೆ ಡಿಸೆಂಬರ್ 31ರವರೆಗೆ.

ಅಕ್ಕಿದು ಉಲ್ಟಾ ಕಥೆ. ದೇಶದೊಳಗೆ ಬೆಲೆ ಏರಬಾರದು ಅಂತ 2023ರ ಜುಲೈ 20ರಂದು ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತು ನಿಷೇಧವಾಯಿತು. ತೆರವಾಗಿದ್ದು 2024ರ ಸೆಪ್ಟೆಂಬರ್ 28ಕ್ಕೆ.

ಗಮನಿಸಿದಿರಾ? ಆಗಸ್ಟ್ ಹೊತ್ತಿಗೆ ಹತ್ತಿ ಬಿತ್ತಿ ಮುಗಿದಿರುತ್ತೆ. ಜುಲೈ ಅಂದರೆ ಭತ್ತದ ಸಸಿಮಡಿ ಕಾಲ. ಎರಡೂ ಸಲ ನಮ್ಮ ದುಡ್ಡು ಮಣ್ಣಿಗೆ ಬಿದ್ದ ಮೇಲೆ ನಿಯಮ ಬದಲಾಯಿತು. ಗೇಟ್ ತೆಗೆದದ್ದು, ಮುಚ್ಚಿದ್ದು ಅಷ್ಟೇ ಅಲ್ಲ, ಯಾವಾಗ ಅನ್ನೋದೇ ನಮಗೆ ಪೆಟ್ಟು.

ಹಾಗಾದ್ರೆ ನಮ್ಮ ಕೈಯಲ್ಲಿ ಏನಿದೆ?

ಒಂದು, ಬೆಂಬಲ ಬೆಲೆ. ಆಮದು ಹತ್ತಿ ಮಾರುಕಟ್ಟೆ ದರವನ್ನ ಎಳೆಯಬಹುದು, ಬೆಂಬಲ ಬೆಲೆಯನ್ನಲ್ಲ. 2025-26ಕ್ಕೆ ಕ್ವಿಂಟಲ್‌ಗೆ ಮಧ್ಯಮ ಎಳೆಗೆ 7,710, ಉದ್ದ ಎಳೆಗೆ 8,110 ರೂಪಾಯಿ. ಭಾರತೀಯ ಹತ್ತಿ ನಿಗಮಕ್ಕೆ ಮಾರಲು 'ಕಪಾಸ್ ಕಿಸಾನ್' ಆ್ಯಪ್‌ನಲ್ಲಿ ನೋಂದಣಿ ಆಗಿರಬೇಕು, ತೇವಾಂಶ ಶೇ 12 ಮೀರಬಾರದು. ಬಿಡಿಸಿದ ಹತ್ತಿ ಚೆನ್ನಾಗಿ ಒಣಗಿಸಿಯೇ ಗಾಡಿಗೆ ಹಾಕಿ. ಅಪ್ಪನ ನೋಂದಣಿ ನಾನು "ಇವತ್ತು ನಾಳೆ" ಅಂತ ಮುಂದೆ ಹಾಕಿದೆ. ಆತ ರಾಯಚೂರು ಗಂಜ್‌ನಲ್ಲಿ ಆ ದಿನದ ರೇಟಿಗೇ ಕೊಟ್ಟು ಬಂದ. ಫೋನ್ ನನ್ನ ಕೈಯಲ್ಲೇ ಇತ್ತು!

ಎರಡು, ಸಾವಯವ ಮಾಡೋರು ಸರ್ಟಿಫಿಕೇಟ್ ಮೊದಲೇ ತೀರ್ಮಾನಿಸಿ. ಪಿಜಿಎಸ್ ದೇಶದೊಳಗಿನ ಮಾರಾಟಕ್ಕೆ ಸಾಕು. ರಫ್ತಿಗೆ ಎನ್‌ಪಿಒಪಿ ಪ್ರಮಾಣೀಕರಣ ಬೇಕು.

ಮೂರು, ಇಡೀ ಹೊಲ ಒಂದೇ ಗೇಟಿಗೆ ಕಟ್ಟಬೇಡಿ. ನಾಲ್ಕು ಎಕರೆ ಹತ್ತಿ ಇದ್ದರೆ ಒಂದೆಕರೆ ತೊಗರಿ, ತರಕಾರಿಗೆ ಬಿಡಿ.

ಅಪ್ಪ, ಮಾವ ಇನ್ನೂ ಒಪ್ಪಿಲ್ಲ. ಆದರೆ ಒಂದು ಮಾತಿಗೆ ಇಬ್ಬರೂ ತಲೆಯಾಡಿಸಿದರು: "ಏನರ ಮಾಡ್ಲಿ, ಬಿತ್ತೋಕಿಂತ ಮೊದಲು ಹೇಳ್ಲಿ." ಓಟು ಕೇಳಾಕ ಬಂದವರಿಗೆ ನಾವು ಕೇಳಬೇಕಾದ್ದೂ ಇದನ್ನೇ.