ವಿಷ ಸೇರಿದ ಮಣ್ಣಿಗೆ ಅಣಬೆ ಹುಲ್ಲಿನ ಆಸರೆ

ಹಾಲು ಉತ್ಪಾದಕ ಅಕ್ಕಂದಿರೇ,

ನಾವು ‘ಔಷಧಿ’ ಎಂದು ಕರೆಯುವ ಕೀಟನಾಶಕ ಬೆಳೆಯ ಮೇಲಷ್ಟೇ ನಿಲ್ಲುವುದಿಲ್ಲ. ಬದುವಿನ ಹುಲ್ಲಿಗೂ ಮಣ್ಣಿಗೂ ಸೇರುತ್ತದೆ. ಮೇವಿನ ಮೂಲಕ ಹಸುವಿನ ಹೊಟ್ಟೆಗೂ ಹೋಗುತ್ತದೆ. ಡಿಡಿಟಿ, ಲಿಂಡೇನ್‌ನಂಥವು ಕೊಬ್ಬಿನಲ್ಲಿ ಕರಗುವುದರಿಂದ ಹಾಲಿನ ಕೆನೆಯಲ್ಲಿ, ಬೆಣ್ಣೆ ತುಪ್ಪದಲ್ಲಿ ಉಳಿದುಬಿಡುತ್ತವೆ. ಕೃಷಿಯಲ್ಲಿ ಡಿಡಿಟಿ ಬಳಕೆಯನ್ನು 1989ರಲ್ಲೇ ನಿಷೇಧಿಸಲಾಯಿತು. ಎಂಡೋಸಲ್ಫಾನ್‌ಗೆ 2011ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತು. ಆದರೂ ಡಿಡಿಟಿಯಂಥ ವಿಷ ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯಬಲ್ಲದು.

ಇಂಥ ವಿಷವನ್ನು ಒಡೆಯುವ ಶಕ್ತಿ ಕೆಲವು ಶಿಲೀಂಧ್ರಗಳಿಗಿದೆ. ಕೊಳೆಯುವ ಮರದ ದಿಮ್ಮಿಯ ಮೇಲೆ ಬಿಳಿ ಬೂಷ್ಟು ಹಬ್ಬುವುದನ್ನು ನೋಡಿರುತ್ತೀರಿ. ಮರಕ್ಕೆ ಗಟ್ಟಿತನ ಕೊಡುವುದು ಲಿಗ್ನಿನ್. ಅದನ್ನು ಒಡೆಯಲು ಈ ಶಿಲೀಂಧ್ರ ಕಿಣ್ವಗಳನ್ನು ಹೊರಬಿಡುತ್ತದೆ. ಅವು ಲಿಗ್ನಿನ್ ಜೊತೆಗೆ ಕೀಟನಾಶಕದ ಕಣಗಳನ್ನೂ ಮುರಿಯುತ್ತವೆ. ಇಂಥ ಒಂದು ಶಿಲೀಂಧ್ರ ಡಿಡಿಟಿ, ಲಿಂಡೇನ್‌ಗಳನ್ನು ಒಡೆಯುತ್ತದೆಂದು 1985ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಭತ್ತದ ಹುಲ್ಲಿನಲ್ಲಿ ಬೆಳೆಯುವ ಚಿಪ್ಪು ಅಣಬೆಯೂ ಇದೇ ಗುಂಪಿಗೆ ಸೇರಿದ್ದು.

ನಾವೇನು ಮಾಡಬಹುದು?

• ಅಣಬೆ ಕೊಯ್ದ ಮೇಲೆ ಉಳಿಯುವ ಹುಲ್ಲನ್ನು ಎಸೆಯದೆ, ಸುಡದೆ, ಔಷಧಿ ಹೆಚ್ಚು ಬಿದ್ದ ಜಾಗದ ಮಣ್ಣಿಗೆ ಬೆರೆಸಿ. ಮಣ್ಣು ಒಣಗದಂತೆ, ನೀರು ನಿಲ್ಲದಂತೆ ನೋಡಿಕೊಳ್ಳಿ.
• ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ. ಮಣ್ಣಿನ ಸೂಕ್ಷ್ಮಜೀವಿಗಳಿಗೆ ಅದೇ ಆಹಾರ.
• ಅಲ್ಲಿ ಶಿಲೀಂಧ್ರನಾಶಕ ಸುರಿಯಬೇಡಿ; ಒಳ್ಳೆಯ ಶಿಲೀಂಧ್ರವೂ ಸಾಯುತ್ತದೆ.
• ಆ ಜಾಗದಲ್ಲಿ ಸದ್ಯಕ್ಕೆ ಮೇವು ಬೆಳೆಯಬೇಡಿ. ಅಲ್ಲಿ ತಾನಾಗಿ ಎದ್ದ ಅಣಬೆಯನ್ನು ತಿನ್ನಬೇಡಿ.
• ಬೂಷ್ಟು ಹಿಡಿದ ಹುಲ್ಲು ಮಣ್ಣಿಗೆ ಸರಿ, ಹಸುವಿಗೆ ಬೇಡ. ಅದರಲ್ಲಿ ಅಫ್ಲಾಟಾಕ್ಸಿನ್ ಇದ್ದರೆ ಹಾಲಿಗೂ ಬರುತ್ತದೆ.

ಇದು ನಿಧಾನದ ಕೆಲಸ. ಪ್ರಯೋಗಾಲಯದಲ್ಲಿ ಆದಷ್ಟು ಚೆನ್ನಾಗಿ ಹೊಲದಲ್ಲಿ ಆಗುತ್ತದೆಂಬ ಭರವಸೆ ಇಲ್ಲ. ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಯಾವ ಶಿಲೀಂಧ್ರವೂ ಒಡೆಯಲಾರದು. ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಗೊಬ್ಬರದ ಅಂಶ ಗೊತ್ತಾಗುತ್ತದೆಯೇ ಹೊರತು ಕೀಟನಾಶಕದ ಉಳಿಕೆ ಗೊತ್ತಾಗುವುದಿಲ್ಲ. ಅದರ ಪರೀಕ್ಷೆ ಎಲ್ಲಿ ಮಾಡಿಸಬೇಕೆಂದು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಎಲ್ಲಕ್ಕಿಂತ ಮೊದಲು ಹೊಸ ವಿಷ ಸೇರುವುದನ್ನು ತಡೆಯೋಣ. ಮನೆಯಲ್ಲಿ ಯಾರೇ ಔಷಧಿ ಹೊಡೆಯಲಿ, ಯಾವ ಔಷಧಿ, ಎಂದು ಹೊಡೆದದ್ದು ಎಂದು ಕೇಳಿ ಬರೆದಿಡಿ. ಡಬ್ಬಿಯ ಮೇಲೆ ಹೇಳಿದಷ್ಟು ದಿನ ಕಳೆಯುವವರೆಗೆ ಆ ಬದುವಿನ ಹುಲ್ಲು ಕೊಯ್ಯಬೇಡಿ.