ಮರದ ಉಂಗುರಕ್ಕೆ ಸೂಪರ್ ಗ್ಲೂ ಮೆರುಗು

ಸುಗ್ಗಿ ಮುಗಿದು ಮುಂಗಾರಿನ ಉಳುಮೆ ಆರಂಭವಾಗುವವರೆಗೆ ಅನೇಕ ಒಕ್ಕಲು ಕುಟುಂಬಗಳಿಗೆ ಕೈತುಂಬ ಕೆಲಸವಿರುವುದಿಲ್ಲ. ಹಿತ್ತಿಲಿನಲ್ಲಿ ಬಿದ್ದಿರುವ ಮುರಿದ ನೇಗಿಲು, ಸವೆದ ನೊಗ, ಹಳೆಯ ಗಾಡಿಯ ಗಾಲಿಯ ತುಂಡು, ಕಿತ್ತು ಹಾಕಿದ ಕಾಫಿ ಗಿಡದ ಬೊಡ್ಡೆ ಇವೆಲ್ಲ ಸಾಮಾನ್ಯವಾಗಿ ಒಲೆಯನ್ನು ಸೇರುತ್ತವೆ. ಇದೇ ಮರದ ಚೂರುಗಳಿಂದ ಕೈಬೆರಳಿನ ಉಂಗುರಗಳನ್ನು ಮಾಡಿ ಜಾತ್ರೆ, ಸಂತೆ ಹಾಗೂ ಕರಕುಶಲ ವಸ್ತುಗಳ ಅಂಗಡಿಗಳಲ್ಲಿ ಮಾರಲು ಅವಕಾಶವಿದೆ. ಒಂದು ಉಂಗುರಕ್ಕೆ ತಗಲುವ ಮರ ಒಂದು ಗ್ರಾಂಗಿಂತಲೂ ಕಡಿಮೆ. ಬಂಡವಾಳ ಎನ್ನುವುದಿದ್ದರೆ ಅದು ಕೈಕೆಲಸ ಮಾತ್ರ.

ಆದರೆ ಈ ಉಪಕಸುಬನ್ನು ಕೈಗೊಂಡವರು ಎದುರಿಸುವ ತೊಂದರೆ ಒಂದೇ. ಮಾರಿದ ದಿನ ಚೆನ್ನಾಗಿ ಹೊಳೆಯುತ್ತಿದ್ದ ಉಂಗುರ ತಿಂಗಳೊಪ್ಪತ್ತಿನಲ್ಲಿ ಮಂಕಾಗುತ್ತದೆ, ಎಳೆಗಳು ಎದ್ದು ಒರಟಾಗುತ್ತದೆ, ಕೊನೆಗೆ ಸೀಳು ಬಿಡುತ್ತದೆ. ಬೆರಳಿಗೆ ಹಾಕಿದ ಉಂಗುರ ದಿನಕ್ಕೆ ಹತ್ತಾರು ಬಾರಿ ನೀರು, ಸಾಬೂನು ಮತ್ತು ಬೆವರಿಗೆ ಒಡ್ಡಿಕೊಳ್ಳುತ್ತದೆ. ನೀರು ಕುಡಿದ ಮರ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಎರಡು ಮಿಲಿಮೀಟರ್ ದಪ್ಪದ ಗೋಡೆ ಈ ಹಿಗ್ಗು ಕುಗ್ಗನ್ನು ಎಷ್ಟು ದಿನ ತಾಳೀತು? ಆದುದರಿಂದ ಉಂಗುರಕ್ಕೆ ಹಚ್ಚುವ ಮೆರುಗು ಕೇವಲ ಅಂದಕ್ಕಲ್ಲ. ನೀರು ಒಳಗೆ ಹೋಗದಂತೆ ಮರವನ್ನು ಎಲ್ಲ ಕಡೆಯಿಂದ ಮುಚ್ಚುವುದೇ ಅದರ ಮುಖ್ಯ ಉದ್ದೇಶ. ಈ ಮಾತನ್ನು ಮರೆತು ಹೊರಮೈಗೆ ಮಾತ್ರ ಹೊಳಪು ಕೊಟ್ಟವರ ಉಂಗುರಗಳೇ ಮರಳಿ ಬರುತ್ತವೆ.

ಅಂಟೇ ಮೆರುಗಾಗುವ ಬಗೆ

ಮರಕ್ಕೆ ಮೆರುಗು ಕೊಡುವ ಕಲೆ ನಮ್ಮ ನಾಡಿಗೆ ಹೊಸದಲ್ಲ. ಚನ್ನಪಟ್ಟಣದ ಕುಶಲಕರ್ಮಿಗಳು ಲೇತಿನಲ್ಲಿ ತಿರುಗುವ ಹಾಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿದುಕೊಳ್ಳುತ್ತದೆ. ಆಟಿಕೆಗಳಿಗೆ ಇದಕ್ಕಿಂತ ಒಳ್ಳೆಯ ಲೇಪ ಬೇಕಿಲ್ಲ. ಆದರೆ ಅರಗು ಬಿಸಿಗೆ ಮೆತ್ತಗಾಗುತ್ತದೆ, ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಈಚಿನ ವರ್ಷಗಳಲ್ಲಿ ಕೈಗೆ ಸ್ಯಾನಿಟೈಜರ್ ಹಚ್ಚಿಕೊಳ್ಳುವ ರೂಢಿ ಬಂದಿರುವುದರಿಂದ ಉಂಗುರದ ಮಟ್ಟಿಗೆ ಅರಗು ಅಷ್ಟು ಸೂಕ್ತವಲ್ಲ.

ಇದಕ್ಕೆ ಬದಲಾಗಿ ಬಳಸುವ ವಸ್ತು ಅಂಗಡಿಗಳಲ್ಲಿ ಸೂಪರ್ ಗ್ಲೂ ಎಂದು ದೊರೆಯುವ, ಕ್ಷಣಾರ್ಧದಲ್ಲಿ ಅಂಟುವ ಅಂಟು. ಫೆವಿಕ್ವಿಕ್ ಎಂಬ ಹೆಸರಿನಲ್ಲಿ ಇದು ಹಳ್ಳಿಯ ಅಂಗಡಿಗಳಲ್ಲೂ ಪರಿಚಿತ. ಇದರ ರಾಸಾಯನಿಕ ಹೆಸರು ಸಯನೋಅಕ್ರಿಲೇಟ್. 1942ರಲ್ಲಿ ಅಮೆರಿಕದ ಕೊಡಾಕ್ ಸಂಸ್ಥೆಯ ಹ್ಯಾರಿ ಕೂವರ್ ಮತ್ತು ಸಂಗಡಿಗರು ಬಂದೂಕಿನ ಗುರಿಕಾಣಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಇದು ಕಂಡುಬಂದಿತು. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆಂದು ಆಗ ಅದನ್ನು ಬದಿಗಿಟ್ಟರು. ಅದೇ ದೋಷವನ್ನು ಗುಣವೆಂದು ಗುರುತಿಸಿ 1958ರಲ್ಲಿ ಅಂಟಾಗಿ ಮಾರುಕಟ್ಟೆಗೆ ತಂದರು.

ಈ ಅಂಟು ಬಣ್ಣ ಅಥವಾ ವಾರ್ನಿಷಿನಂತೆ ಆರಿ ಗಟ್ಟಿಯಾಗುವುದಲ್ಲ. ಗಾಳಿಯಲ್ಲಿ ಮತ್ತು ವಸ್ತುಗಳ ಮೈಮೇಲೆ ಇರುವ ಅತ್ಯಲ್ಪ ತೇವಾಂಶ ತಗುಲಿದೊಡನೆ ಅದರ ಕಣಗಳು ಒಂದಕ್ಕೊಂದು ಸರಪಳಿಯಂತೆ ಕೊಂಡಿ ಹಾಕಿಕೊಂಡು ಗಾಜಿನಂತಹ ಗಟ್ಟಿ ಪ್ಲಾಸ್ಟಿಕ್ ಆಗುತ್ತವೆ. ಮುಂದೆ ಹೇಳುವ ಎಲ್ಲ ಎಚ್ಚರಿಕೆಗಳಿಗೂ ಮೂಲ ಇದೊಂದೇ. ಪದರ ತೆಳ್ಳಗಿದ್ದರೆ ತೇವ ಪೂರ್ತಿ ತಲುಪಿ ಬೇಗ ಗಟ್ಟಿಯಾಗುತ್ತದೆ. ದಪ್ಪಗಿದ್ದರೆ ಮೇಲ್ಮೈ ಮಾತ್ರ ಬಿಗಿದು ಒಳಗೆ ಹಸಿಯಾಗಿಯೇ ಉಳಿಯುತ್ತದೆ.

ಮರದ ಆಯ್ಕೆ

ಎಳೆ ಒತ್ತಾಗಿರುವ, ಚೆನ್ನಾಗಿ ಒಣಗಿದ ಗಟ್ಟಿ ಮರ ಬೇಕು. ಹುಣಸೆಯ ಚೇಗು, ಜಾಲಿ, ಹಲಸು, ಕಾಫಿ ಗಿಡದ ಕಾಂಡ ಇವು ಯೋಗ್ಯ. ಹಲಸಿನ ಹೊಂಬಣ್ಣ ಮೆರುಗಿನಡಿ ಬಹಳ ಚೆನ್ನಾಗಿ ಕಾಣುತ್ತದೆ. ತೇಗದಲ್ಲಿ ಎಣ್ಣೆಯ ಅಂಶವಿರುವುದರಿಂದ ಅಂಟು ಹಚ್ಚುವ ಮೊದಲು ಅಸಿಟೋನಿನಿಂದ ಒರೆಸತಕ್ಕದ್ದು. ಶ್ರೀಗಂಧ, ಬೀಟೆ ಮರಗಳನ್ನು ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಉಂಗುರದ ಆಸೆಗೆ ಅವುಗಳ ತಂಟೆಗೆ ಹೋಗದಿರುವುದು ಲೇಸು.

ಹಳೆಯ ನೇಗಿಲು ನೊಗಗಳ ಮರ ವರ್ಷಾನುಗಟ್ಟಲೆ ಒಣಗಿರುವುದರಿಂದ ಹೆಚ್ಚು ನಂಬಿಕೆಗೆ ಅರ್ಹ. ಗರಗಸ ಹಾಕುವ ಮೊದಲು ಮೊಳೆಗಳನ್ನು ಹುಡುಕಿ ತೆಗೆಯಬೇಕು. ಹೊಸದಾಗಿ ಕಡಿದ ಮರವಾದರೆ ಹಲಗೆ ಸೀಳಿ, ತುದಿಗಳಿಗೆ ಮೇಣ ಬಳಿದು, ನೆರಳಿನಲ್ಲಿ ಗಾಳಿಯಾಡುವಂತೆ ಪೇರಿಸಿಡಬೇಕು. ಒಣಗಿದೆಯೇ ಎಂಬುದನ್ನು ಕಣ್ಣಂದಾಜಿನಿಂದ ತೀರ್ಮಾನಿಸಬಾರದು. ವಾರಕ್ಕೊಮ್ಮೆ ತೂಗಿ ಬರೆದಿಡುವುದು ಸುಲಭವಾದ ಕ್ರಮ. ಬೇಸಗೆಯಲ್ಲಿ ಎರಡು ಮೂರು ವಾರ ತೂಕ ಇಳಿಯದೆ ನಿಂತರೆ ಮರ ಸಿದ್ಧವಾಗಿದೆ ಎಂದು ತಿಳಿಯಬಹುದು. ಹಸಿ ಮರದ ಮೇಲೆ ಮೆರುಗು ಹಚ್ಚಿದರೆ ತೇವ ಒಳಗೆ ಸಿಕ್ಕಿಕೊಂಡು ಲೇಪವೇ ಬಿರಿಯುತ್ತದೆ.

ಉಂಗುರ ಕೊರೆಯುವ ಕ್ರಮ

ಒಂದೇ ಹಲಗೆಯಿಂದ ಕೊರೆದ ಉಂಗುರದಲ್ಲಿ ಎದುರು ಬದುರಾಗಿ ಎರಡು ಕಡೆ ಎಳೆಗಳು ಗೋಡೆಗೆ ಅಡ್ಡವಾಗಿ ಬರುತ್ತವೆ. ಅಲ್ಲಿ ಎಳೆ ಬಲು ಗಿಡ್ಡ. ಕೈಜಾರಿ ನೆಲಕ್ಕೆ ಬಿದ್ದರೆ ಉಂಗುರ ಅಲ್ಲಿಯೇ ತುಂಡಾಗುತ್ತದೆ. ಇದಕ್ಕೆ ಪರಿಹಾರವೆಂದರೆ ಸುಮಾರು ಎರಡೂವರೆ ಮಿಲಿಮೀಟರ್ ದಪ್ಪದ ಮೂರು ಬಿಲ್ಲೆಗಳನ್ನು ತೆಗೆದುಕೊಂಡು, ನಡುವಿನ ಬಿಲ್ಲೆಯ ಎಳೆ ಮೇಲಿನ ಮತ್ತು ಕೆಳಗಿನ ಬಿಲ್ಲೆಗಳ ಎಳೆಗೆ ಅಡ್ಡಲಾಗಿ ಬರುವಂತೆ ಬಡಗಿಗಳು ಬಳಸುವ ಬಿಳಿ ಅಂಟಿನಿಂದ ಕೂಡಿಸಿ, ಒಂದು ದಿನ ಬಿಗಿಯಾಗಿ ಒತ್ತಿಡುವುದು. ಆಗ ಒಂದು ಬಿಲ್ಲೆಯ ದುರ್ಬಲ ಜಾಗಕ್ಕೆ ಪಕ್ಕದ ಬಿಲ್ಲೆ ಆಸರೆಯಾಗುತ್ತದೆ. ನಡುವೆ ಬೇರೆ ಬಣ್ಣದ ಮರವಿಟ್ಟರೆ ನೋಟವೂ ಹೆಚ್ಚುತ್ತದೆ.

ಮೊದಲು ನಡುವಿನ ರಂಧ್ರ, ಆಮೇಲೆ ಹೊರಗಿನ ಆಕಾರ. ಇದನ್ನು ತಿರುವುಮುರುವು ಮಾಡಿದರೆ ಬೈರಿಗೆಯ ಒತ್ತಡಕ್ಕೆ ಉಂಗುರ ಸಿಡಿಯುತ್ತದೆ. ಅಳತೆ ತಿಳಿಯಲು ಬೆರಳಿಗೆ ಕಾಗದದ ಪಟ್ಟಿ ಸುತ್ತಿ ಅದರ ಉದ್ದವನ್ನು 3.14ರಿಂದ ಭಾಗಿಸಬೇಕು. ಪಟ್ಟಿ ಐವತ್ತಾರೂವರೆ ಮಿಲಿಮೀಟರ್ ಇದ್ದರೆ ಒಳವ್ಯಾಸ 18 ಮಿಲಿಮೀಟರ್. ಆದರೆ ಲೇಪ ಪ್ರತಿ ಬದಿಗೆ ಸುಮಾರು 0.2 ಮಿಲಿಮೀಟರ್ ದಪ್ಪ ಕೂಡುವುದರಿಂದ, ಬರಿಯ ಮರದ ರಂಧ್ರವನ್ನು 18.4 ಮಿಲಿಮೀಟರಿನಷ್ಟು ಉಜ್ಜಿ ಅಗಲಿಸಿರಬೇಕು. ಈ ಲೆಕ್ಕ ತಪ್ಪಿ, ಮೆರುಗೆಲ್ಲ ಮುಗಿದ ಮೇಲೆ ಬೆರಳಿಗೆ ಹೋಗದ ಉಂಗುರಗಳು ಹೊಸಬರ ಬುಟ್ಟಿಯಲ್ಲಿ ಬೇಕಾದಷ್ಟು ಸಿಗುತ್ತವೆ.

ಹೊರಗೋಡೆಯನ್ನು ಅರದಿಂದ ರೂಪಿಸಿ, ಅಂಚುಗಳನ್ನು ಗುಂಡಗೆ ಮಾಡಿ, 120, 220, 400 ನಂಬರಿನ ಮರಳು ಕಾಗದಗಳಿಂದ ಕ್ರಮವಾಗಿ ಉಜ್ಜಬೇಕು. ಚೂಪು ಅಂಚಿನ ಮೇಲೆ ಅಂಟು ನಿಲ್ಲದೆ ಸರಿಯುತ್ತದೆ. ಉಜ್ಜುವಾಗ ಮೂಗಿಗೆ ಬಟ್ಟೆಯೋ ಮಾಸ್ಕೋ ಇರಲಿ.

ಹತ್ತಿ ಕೂಡದು

ಅಂಟು ಹಚ್ಚಲು ಕೂರುವ ಮೊದಲು ಒಂದು ಸಂಗತಿಯನ್ನು ಮನೆಮಂದಿಗೆಲ್ಲ ತಿಳಿಸಿರುವುದು ಅವಶ್ಯ. ಹತ್ತಿ, ಉಣ್ಣೆ ಮುಂತಾದ ನಾರುಗಳ ಮೇಲೆ ಈ ಅಂಟು ಬಿದ್ದರೆ ಒಮ್ಮೆಲೇ ಗಟ್ಟಿಯಾಗಿ ತೀವ್ರ ಶಾಖವನ್ನು ಹೊರಹಾಕುತ್ತದೆ. ಹೊಗೆ ಏಳಬಹುದು, ಚರ್ಮ ಸುಡಬಹುದು. ಆದುದರಿಂದ ಹತ್ತಿಯ ಉಂಡೆ, ಹಳೆಯ ಸೀರೆಯ ತುಂಡು, ಹತ್ತಿಯ ಕೈಗವಸು ಯಾವುದನ್ನೂ ಈ ಕೆಲಸಕ್ಕೆ ಬಳಸಕೂಡದು. ತೊಡೆಯ ಮೇಲೆ ಪಂಚೆ ಅಥವಾ ಸೀರೆ ಹರಡಿಕೊಂಡು ಕೆಲಸ ಮಾಡುವ ನಮ್ಮ ರೂಢಿಯೂ ಇಲ್ಲಿ ಅಪಾಯಕಾರಿ. ಮೇಜಿನ ಮೇಲೆ ಪಾಲಿಥೀನ್ ಹಾಳೆ ಹಾಸಿಕೊಂಡು ಕೆಲಸ ಮಾಡುವುದು ಕ್ಷೇಮ. ಪಾಲಿಥೀನಿಗೆ ಮತ್ತು ಮೇಣಕ್ಕೆ ಈ ಅಂಟು ಹಿಡಿಯುವುದಿಲ್ಲ.

ಇದರ ಆವಿ ಕಣ್ಣು ಮೂಗುಗಳನ್ನು ಉರಿಸುತ್ತದೆ. ಕಿಟಕಿ ಬಾಗಿಲು ತೆರೆದಿರಬೇಕು. ಗಾಳಿ ಕೆಲಸಗಾರನ ಬೆನ್ನ ಹಿಂದಿನಿಂದ ಮುಂದಕ್ಕೆ ಬೀಸುವಂತೆ ಕುಳಿತುಕೊಳ್ಳಬೇಕು. ಕನ್ನಡಕ ಧರಿಸಬೇಕು. ಉಬ್ಬಸವಿರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು. ಬೆರಳುಗಳು ಅಂಟಿಕೊಂಡರೆ ಎಳೆಯದೆ, ಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿ ಮೆಲ್ಲನೆ ಹೊರಳಿಸುತ್ತ ಬಿಡಿಸಬೇಕು. ಕಣ್ಣಿಗೆ ಸಿಡಿದರೆ ರೆಪ್ಪೆಯನ್ನು ಬಲವಂತವಾಗಿ ತೆರೆಯಬಾರದು, ಅಸಿಟೋನ್ ತಾಗಿಸಲೇಬಾರದು. ನೀರಿನಿಂದ ತೊಳೆಯುತ್ತ ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಅಸಿಟೋನ್ ಬೇಗ ಹೊತ್ತಿಕೊಳ್ಳುವ ದ್ರವವಾದುದರಿಂದ ಒಲೆ, ದೀಪ, ಬೀಡಿ ಹತ್ತಿರ ಇರಬಾರದು.

ಲೇಪ ಹಚ್ಚುವುದು

ನೀರಿನಂತೆ ತೆಳ್ಳಗಿರುವ ಅಂಟು ಮೊದಲ ಲೇಪಗಳಿಗೆ ಉತ್ತಮ. ಅದು ಎಳೆಗಳ ಸಂದಿಗೆ ಇಳಿಯುತ್ತದೆ. ಸ್ವಲ್ಪ ಮಂದವಾದ ಬಗೆ ದೊರೆತರೆ ಮೇಲಿನ ಲೇಪಗಳಿಗೆ ಬಳಸಬಹುದು. ಉಂಗುರಕ್ಕಿಂತ ತುಸು ಸಣ್ಣದಾದ ಕಡ್ಡಿಗೆ ಪಾಲಿಥೀನ್ ಸುತ್ತಿ ಉಂಗುರವನ್ನು ಅದರ ಮೇಲೆ ಕೂರಿಸಬೇಕು. ಬೆರಳಿಗೂ ಪಾಲಿಥೀನ್ ಸುತ್ತಿಕೊಂಡು, ಅದರ ಮೇಲೆ ನಾಲ್ಕು ಮಡಿಕೆಯ ಟಿಶ್ಯೂ ಕಾಗದವಿಟ್ಟು, ಎರಡು ಹನಿ ಅಂಟು ಹಾಕಿ, ಕಡ್ಡಿಯನ್ನು ತಿರುಗಿಸುತ್ತ ಒಂದೇ ಸುತ್ತಿನಲ್ಲಿ ಸವರಿ ಬಿಡಬೇಕು. ಮತ್ತೆ ಮತ್ತೆ ತೀಡಿದರೆ ಕಾಗದ ಅಂಟಿಕೊಂಡು ಗೆರೆಗಳು ಏಳುತ್ತವೆ. ಪ್ರತಿ ಲೇಪಕ್ಕೂ ಹೊಸ ಕಾಗದ. ಬಳಸಿದ ಕಾಗದಗಳನ್ನು ಮುದ್ದೆ ಮಾಡಿ ಬುಟ್ಟಿಗೆ ತುಂಬದೆ, ಹೊರಗೆ ಬಿಡಿಯಾಗಿ ಹರಡಿ ಗಟ್ಟಿಯಾಗಲು ಬಿಡಬೇಕು.

ಮೊದಲ ಎರಡು ಲೇಪಗಳ ನಂತರ 400 ನಂಬರಿನ ಕಾಗದದಿಂದ ಹಗುರವಾಗಿ ಉಜ್ಜಿದರೆ ಎದ್ದ ಎಳೆಗಳು ಹೋಗಿ, ಸಣ್ಣ ರಂಧ್ರಗಳು ಪುಡಿಯಿಂದ ಮುಚ್ಚಿಕೊಳ್ಳುತ್ತವೆ. ಆಮೇಲೆ ಎಂಟರಿಂದ ಹನ್ನೆರಡು ತೆಳು ಲೇಪಗಳು ಬೇಕು. ಒಂದೊಂದರ ನಡುವೆ ಐದರಿಂದ ಹತ್ತು ನಿಮಿಷ ಬಿಡಬೇಕು. ಮೇಲೆ ಬೆರಳಾಡಿಸಿದರೆ ಜಿಗುಟು ಇರಬಾರದು. ಹೊರಮೈ ಆದ ಮೇಲೆ ಉಂಗುರವನ್ನು ಕಡ್ಡಿಯಿಂದ ತೆಗೆದು ಎರಡು ಅಂಚುಗಳಿಗೂ ಒಳಮೈಗೂ ಅಷ್ಟೇ ಶ್ರದ್ಧೆಯಿಂದ ಹಚ್ಚಬೇಕು. ಅವಸರದಲ್ಲಿ ಬಿಟ್ಟುಹೋಗುವುದು ಒಳಮೈಯೇ. ಬೆವರು ನಿಲ್ಲುವುದೂ ಅಲ್ಲಿಯೇ.

ಎಷ್ಟು ಅಂಟು ಹಿಡಿಯುತ್ತದೆಂಬುದನ್ನು ಲೆಕ್ಕ ಹಾಕಬಹುದು. ಒಳವ್ಯಾಸ 18, ಹೊರವ್ಯಾಸ 22, ಅಗಲ 7 ಮಿಲಿಮೀಟರ್ ಇರುವ ಉಂಗುರದ ಒಟ್ಟು ಮೈ ಸುಮಾರು 11 ಚದರ ಸೆಂಟಿಮೀಟರ್. ಅದರ ಮೇಲೆ 0.2 ಮಿಲಿಮೀಟರ್ ಲೇಪವೆಂದರೆ ಕಾಲು ಗ್ರಾಂ ಅಂಟು. ಕಾಗದ ಕುಡಿಯುವುದನ್ನೂ ಉಜ್ಜಿ ಹೋಗುವುದನ್ನೂ ಸೇರಿಸಿದರೆ ಉಂಗುರಕ್ಕೆ ಒಂದು ಗ್ರಾಂ ಇಟ್ಟುಕೊಳ್ಳಬೇಕು. ಅಂದರೆ 20 ಗ್ರಾಂ ಬಾಟಲಿಗೆ ಇಪ್ಪತ್ತು ಉಂಗುರ. ಬೆಲೆ ಕಟ್ಟುವಾಗ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಅರ್ಧ ಗ್ರಾಮಿನ ಸಣ್ಣ ಟ್ಯೂಬುಗಳನ್ನು ಕೊಂಡರೆ ದುಬಾರಿಯಾಗುತ್ತದೆ.

ಮಂಜು ಕವಿಯುವುದೇಕೆ

ಹೊಸಬರನ್ನು ಕಂಗೆಡಿಸುವ ದೋಷವೆಂದರೆ ಉಂಗುರದ ಮೇಲೆ ಬೂದಿ ಬಳಿದಂತೆ ಬಿಳಿಚಿಕೊಳ್ಳುವುದು. ಗಟ್ಟಿಯಾಗದ ಅಂಟು ಆವಿಯಾಗಿ ಮೇಲೆದ್ದು, ಗಾಳಿಯ ತೇವ ತಗುಲಿ, ಪುಡಿಯಾಗಿ ಮರಳಿ ಉಂಗುರದ ಮೇಲೆಯೇ ಕೂರುವುದರಿಂದ ಹೀಗಾಗುತ್ತದೆ. ದಪ್ಪ ಲೇಪ, ಗಾಳಿಯಾಡದ ಡಬ್ಬಿ, ಮಳೆಗಾಲದ ಥಂಡಿ ಈ ಮೂರೂ ಇದಕ್ಕೆ ಕಾರಣ. ಮಲೆನಾಡಿನಲ್ಲಿ ಆಷಾಢ ಶ್ರಾವಣಗಳಲ್ಲಿ ಈ ಕೆಲಸವನ್ನು ಕೈಗೊಳ್ಳದಿರುವುದೇ ಜಾಣತನ. ಮಾಡಲೇಬೇಕಾದರೆ ಬಿಸಿಲಿರುವ ನಡುಮಧ್ಯಾಹ್ನ ಮಾಡಬೇಕು. ಬಯಲುಸೀಮೆಯ ಏಪ್ರಿಲ್ ತಿಂಗಳ ಒಣಹವೆಯಲ್ಲಿ ಇದಕ್ಕೆ ವಿರುದ್ಧವಾಗಿ ಅಂಟು ನಿಧಾನವಾಗಿ ಬಿಗಿಯುತ್ತದೆ, ಆದ್ದರಿಂದ ಲೇಪಗಳ ನಡುವೆ ಹೆಚ್ಚು ಸಮಯ ಕೊಡಬೇಕು. ಬೇಗ ಗಟ್ಟಿಯಾಗಿಸುವ ಸಿಂಪರಣಾ ದ್ರಾವಣಗಳೂ ಮಾರುಕಟ್ಟೆಯಲ್ಲಿವೆ. ಹೆಚ್ಚು ಸಿಂಪಡಿಸಿದರೆ ಅಂಟು ನೊರೆಯೆದ್ದು ಗುಳ್ಳೆಗಳು ಉಳಿಯುತ್ತವೆ. ಕಾಯುವ ತಾಳ್ಮೆಯಿದ್ದವರಿಗೆ ಅವು ಬೇಕಾಗುವುದಿಲ್ಲ. ಬಿಳಿಚು ಮೇಲ್ಪದರದಲ್ಲಿ ಮಾತ್ರ ಇದ್ದರೆ ಉಜ್ಜಿ ತೆಗೆಯಬಹುದು, ಒಳಪದರಗಳಲ್ಲಿದ್ದರೆ ಮರದವರೆಗೂ ಉಜ್ಜಿ ಮತ್ತೆ ಆರಂಭಿಸಬೇಕಾಗುತ್ತದೆ.

ಹೊಳಪು ಮತ್ತು ಪರೀಕ್ಷೆ

ಕೊನೆಯ ಲೇಪದ ನಂತರ ಒಂದು ಇಡೀ ದಿನ ಬಿಟ್ಟು, ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ 600, 800, 1000, 1500, 2000 ನಂಬರುಗಳಲ್ಲಿ ಕ್ರಮವಾಗಿ ಉಜ್ಜಬೇಕು. 600ರಲ್ಲಿ ಉಂಗುರ ಪೂರ್ತಿ ಮಂಕಾಗುತ್ತದೆ, ನೋಡಿ ಹೆದರಬೇಕಾಗಿಲ್ಲ. ಮೈಯೆಲ್ಲ ಒಂದೇ ಸಮನೆ ಮಂಕಾದಾಗಲೇ ಉಬ್ಬುತಗ್ಗು ಹೋಯಿತೆಂದು ಅರ್ಥ. ಎಲ್ಲಿಯಾದರೂ ಹೊಳೆಯುವ ಚುಕ್ಕೆ ಉಳಿದಿದ್ದರೆ ಅದು ತಗ್ಗು. ಅಂಚುಗಳನ್ನು ಮಾತ್ರ ಹಗುರವಾಗಿ ಉಜ್ಜಬೇಕು, ಲೇಪ ಮೊದಲು ಸವೆಯುವುದು ಅಲ್ಲಿಯೇ. ಕೊನೆಗೆ ಹಿತ್ತಾಳೆ ಹೊಳಪಿಸುವ ದ್ರಾವಣ ಅಥವಾ ಬಿಳಿಯ ಟೂತ್‌ಪೇಸ್ಟ್ ಹಚ್ಚಿ ಮೃದುವಾದ ಬಟ್ಟೆಯಿಂದ ತಿಕ್ಕಿದರೆ ಗಾಜಿನಂತಹ ಹೊಳಪು ಬರುತ್ತದೆ. ಅಂಟು ಪೂರ್ತಿ ಗಟ್ಟಿಯಾಗಿರುವುದರಿಂದ ಈ ಹಂತದಲ್ಲಿ ಬಟ್ಟೆಯಿಂದ ಅಪಾಯವಿಲ್ಲ.

ಮಾರುವ ಮುನ್ನ ಪ್ರತಿ ಕಂತಿನಿಂದ ಒಂದು ಉಂಗುರವನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ, ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿ, ಬೆಳಿಗ್ಗೆ ಒರೆಸಿ ಮತ್ತೆ ತೂಗಿಸಬೇಕು. ತೂಕ ಏರಿದ್ದರೆ ಎಲ್ಲೋ ಮರ ಬಯಲಾಗಿದೆ ಎಂದೇ ಅರ್ಥ. ಆ ಕಂತಿನ ಎಲ್ಲ ಉಂಗುರಗಳ ಒಳಮೈ ಮತ್ತು ಅಂಚುಗಳನ್ನು ಮತ್ತೊಮ್ಮೆ ನೋಡಬೇಕು. ಕೊಳ್ಳುವವರಿಗೂ ಎರಡು ಮಾತು ಹೇಳುವುದು ಸರಿ: ಉಗುರುಬಣ್ಣ ತೆಗೆಯುವ ಅಸಿಟೋನ್ ಈ ಲೇಪವನ್ನು ಕರಗಿಸುತ್ತದೆ, ಕುದಿಯುವ ನೀರು ಅದನ್ನು ಸಡಿಲಿಸುತ್ತದೆ. ಪಾತ್ರೆ ತೊಳೆಯುವಾಗ ತೆಗೆದಿಟ್ಟರೆ ಉಂಗುರ ಬಹುಕಾಲ ಬಾಳುತ್ತದೆ.

ಉಳಿದ ಅಂಟಿನ ಬಾಟಲಿಯ ಮೂತಿಯನ್ನು ಒರೆಸಿ, ಮುಚ್ಚಳ ಬಿಗಿದು, ಬಿಗಿಯಾದ ಡಬ್ಬಿಯಲ್ಲಿಟ್ಟು, ತಂಪಾದ ಒಣ ಜಾಗದಲ್ಲಿ ಮಕ್ಕಳ ಕೈಗೆಟುಕದಂತೆ ಇಡಬೇಕು. ಫ್ರಿಜ್ಜಿನಲ್ಲಿಟ್ಟಿದ್ದರೆ ಹೊರತೆಗೆದೊಡನೆ ಮುಚ್ಚಳ ತೆರೆಯಬಾರದು. ತಣ್ಣನೆಯ ಬಾಟಲಿಯೊಳಗೆ ಗಾಳಿಯ ತೇವ ಇಳಿದು ಅಂಟು ಕೆಡುತ್ತದೆ. ಒಂದು ಗಂಟೆ ಹೊರಗಿಟ್ಟು ಆಮೇಲೆ ತೆರೆಯಬೇಕು.

ಬಳಕೆಯಿಂದ ಗೀರು ಬಿದ್ದ ಉಂಗುರ ಮರಳಿ ಬಂದರೆ ಎಸೆಯಬೇಕಾಗಿಲ್ಲ. 600 ನಂಬರಿನ ಕಾಗದದಿಂದ ಮೇಲ್ಮೈಯನ್ನು ಉಜ್ಜಿ, ಚೆನ್ನಾಗಿ ಒಣಗಿಸಿ, ಎರಡು ಮೂರು ತೆಳು ಲೇಪ ಕೊಟ್ಟು ಮತ್ತೆ ಹೊಳಪು ಮಾಡಿದರೆ ಹೊಸದರಂತಾಗುತ್ತದೆ. ಗೀರು ಮರದವರೆಗೆ ಇಳಿದು ಅಲ್ಲಿ ಕಪ್ಪು ಗೆರೆ ಕಂಡರೆ ಮಾತ್ರ ನೀರು ಒಳಗೆ ಸೇರಿದೆಯೆಂದು ತಿಳಿದು, ಆ ಭಾಗದ ಲೇಪವನ್ನು ಪೂರ್ತಿ ತೆಗೆದು, ವಾರವಿಡೀ ನೆರಳಿನಲ್ಲಿ ಒಣಗಿಸಿದ ನಂತರವೇ ಹೊಸ ಲೇಪ ಹಚ್ಚಬೇಕು.